ಬೀಟಲ್ಸ್‌ಗೆ ಪಕ್ಕವಾದ್ಯ ನುಡಿಸಿದವರು

ಸಂಗೀತ ಕಛೇರಿಯ ಆಹ್ವಾನ ಪತ್ರಿಕೆ ಎಷ್ಟೇ ಚಿಕ್ಕದಿರಲಿ, ಹಾಡುವವರ ಹೆಸರಿನ ಕೆಳಗೆ ಪಿಟೀಲು ಯಾರದು, ಮೃದಂಗ ಯಾರದು, ಘಟ ಯಾರದು ಎಂಬ ವಿವರ ಇದ್ದೇ ಇರುತ್ತದೆ. ಆಕಾಶವಾಣಿಯಲ್ಲಿ ಕಛೇರಿ ಬಿತ್ತರವಾಗುವಾಗಲೂ ಉದ್ಘೋಷಕರು ಪಕ್ಕವಾದ್ಯದವರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ತನಿ ಆವರ್ತನದ ಹೊತ್ತಿಗೆ ಸರಿಯಾಗಿ ಎದ್ದು ಕಾಫಿಗೆ ಹೋಗುವ ರಸಿಕನಿಗೂ ಮೃದಂಗದವರ ಹೆಸರು ಗೊತ್ತಿರುತ್ತದೆ. ಈ ರೂಢಿ ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದೊಂದು ವಿಶೇಷವೆಂದೇ ಅನ್ನಿಸುವುದಿಲ್ಲ.

ಧ್ವನಿಮುದ್ರಣದ ಲೋಕದಲ್ಲಿ ಈ ರೂಢಿ ಬಹುಕಾಲ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ಹೆಸರಾದ ಆಲ್ಬಮ್‌ಗಳಲ್ಲೊಂದನ್ನು ಹೊರತಂದದ್ದು ಇಂಗ್ಲೆಂಡಿನ ಬೀಟಲ್ಸ್ ತಂಡ. 1967ರ ಬೇಸಿಗೆಯಲ್ಲಿ ಬಂದ ಆ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ನಲ್ಲಿ ಐದು ನಿಮಿಷಗಳ ಒಂದು ಹಾಡು ಪೂರ್ತಿಯಾಗಿ ಭಾರತೀಯ ವಾದ್ಯಗಳ ಮೇಲೆ ನಿಂತಿದೆ. ಅದರಲ್ಲಿ ದಿಲ್‌ರುಬಾ, ತಂಬೂರಿ, ತಬಲಾ ನುಡಿಸಿದವರು ಲಂಡನ್ನಿನಲ್ಲಿದ್ದ ಭಾರತೀಯರು. ಆ ಹಾಡನ್ನು ಕೋಟ್ಯಂತರ ಜನ ಕೇಳಿದರು. ಆದರೆ ನುಡಿಸಿದವರು ಯಾರೆಂಬುದು ಸುಮಾರು 50 ವರ್ಷಗಳ ಕಾಲ ಹೊರಗಿನವರಿಗೆ ತಿಳಿಯಲೇ ಇಲ್ಲ. ಇದು ಹೇಗಾಯಿತು ಎಂದು ಹುಡುಕುತ್ತ ಹೋದರೆ ಅತಿಥಿ ಕಲಾವಿದ ಎಂಬ ಮಾತಿನ ಹಿಂದಿರುವ ಲೆಕ್ಕಾಚಾರವೆಲ್ಲ ಹೊರಬೀಳುತ್ತದೆ. ಅಷ್ಟೇ ಅಲ್ಲ, ಆ ಕಥೆಯ ನಡುವೆ ಒಬ್ಬ ಕನ್ನಡ ನಾಡಿನವರೂ ಎದುರಾಗುತ್ತಾರೆ.

ಬೀಟಲ್ಸ್ ಎಂದರೆ ಲಿವರ್‌ಪೂಲ್‌ನ ನಾಲ್ವರು ತರುಣರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೊ ಸ್ಟಾರ್. ಆರಂಭದ ವರ್ಷಗಳಲ್ಲಿ ಮೂರು ಗಿಟಾರು, ಒಂದು ಡ್ರಮ್ ಸೆಟ್ ಅವರ ಬಂಡವಾಳ. ಹೊರಗಿನವರ ನೆರವು ಹೆಚ್ಚಾಗಿ ಬೇಕಾಗುತ್ತಿರಲಿಲ್ಲ. 1965ರ ಜೂನ್‌ನಲ್ಲಿ ‘ಯೆಸ್ಟರ್‌ಡೇ’ ಹಾಡಿಗೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರು ನಾಲ್ಕು ತಂತಿವಾದ್ಯಗಳ ಮೇಳವನ್ನು ಜೋಡಿಸಿದ ಮೇಲೆ ಬಾಗಿಲು ತೆರೆಯಿತು. ಮರುವರ್ಷದ ‘ಎಲಿನಾರ್ ರಿಗ್ಬಿ’ಯಲ್ಲಿ ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೊ ಇವೆ, ಬೀಟಲ್ಸ್ ನಾಲ್ವರಲ್ಲಿ ಯಾರೊಬ್ಬರೂ ಅದರಲ್ಲಿ ವಾದ್ಯ ಮುಟ್ಟಿಲ್ಲ. 1967ರ ಜನವರಿಯಲ್ಲಿ ‘ಪೆನ್ನಿ ಲೇನ್’ ಹಾಡಿಗೆ ಡೇವಿಡ್ ಮೇಸನ್ ಎಂಬುವರು ಚಿಕ್ಕ ಗಾತ್ರದ ಪಿಕೊಲೊ ಟ್ರಂಪೆಟ್ ಊದಿದರು. ಫೆಬ್ರವರಿ 10ರಂದು ‘ಎ ಡೇ ಇನ್ ದಿ ಲೈಫ್’ ಹಾಡಿಗಾಗಿ 40 ಮಂದಿ ವಾದಕರು ಸಂಜೆಯುಡುಪಿನಲ್ಲಿ ಬಂದರು. ಅವರಿಗೆ ಹಬ್ಬದ ಟೊಪ್ಪಿಗೆ, ಹುಸಿ ಮೂಗುಗಳನ್ನೂ ಹಂಚಲಾಯಿತು. ಅತ್ಯಂತ ತಗ್ಗಿನ ಸ್ವರದಿಂದ ಅತ್ಯಂತ ಮೇಲಿನ ಸ್ವರಕ್ಕೆ ತಮ್ಮ ತಮ್ಮ ವೇಗದಲ್ಲಿ ಏರಿಹೋಗಿ ಎಂದು ಅವರಿಗೆ ಹೇಳಲಾಗಿತ್ತು. ಪಕ್ಕದವರನ್ನು ಕೇಳಿಸಿಕೊಂಡು ಒಂದಾಗಿ ನುಡಿಸುವುದನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದವರಿಗೆ ಅದು ವಿಚಿತ್ರ ಅಪ್ಪಣೆಯೇ ಸರಿ. 40 ಮಂದಿಗೂ ಸೇರಿ ಆ ದಿನ ಸಂದದ್ದು 367 ಪೌಂಡ್ 10 ಷಿಲಿಂಗ್.

ಈ ಮೊತ್ತದ ಹಿಂದೆ ಒಂದು ವ್ಯವಸ್ಥೆ ಇತ್ತು. ಲಂಡನ್ನಿನ ವಾದಕರು ತಮ್ಮ ಸಂಘದ ಮೂಲಕ ಧ್ವನಿಮುದ್ರಣಕ್ಕೆ ಒಂದು ದರ ನಿಗದಿ ಮಾಡಿಸಿಕೊಂಡಿದ್ದರು. ಮೂರು ಗಂಟೆಯ ಒಂದು ಅವಧಿಗೆ ಇಷ್ಟು ಎಂದು ಕೂಲಿ. ಹೆಚ್ಚು ಹೊತ್ತಾದರೆ ಅದಕ್ಕೆ ಬೇರೆ. ವಾದಕ ಬರುತ್ತಾನೆ, ಎದುರಿಗಿಟ್ಟ ಸ್ವರಪತ್ರವನ್ನು ನೋಡಿ ನುಡಿಸುತ್ತಾನೆ, ಸಹಿ ಮಾಡಿ ಹಣ ಪಡೆದು ಹೋಗುತ್ತಾನೆ. ರೆಕಾರ್ಡು ಹತ್ತು ಸಾವಿರ ಮಾರಿದರೂ ಹತ್ತು ಲಕ್ಷ ಮಾರಿದರೂ ಅವನಿಗೆ ಆ ಲಾಭದಲ್ಲಿ ಪಾಲಿಲ್ಲ. ರೆಕಾರ್ಡಿನ ಕವರ್ ಮೇಲೆ ಹೆಸರು ಬರಬೇಕೆಂಬ ನಿಯಮವೂ ಇರಲಿಲ್ಲ. ಆದ್ದರಿಂದ ಭಾರತೀಯರನ್ನು ಮಾತ್ರ ಕಡೆಗಣಿಸಲಾಯಿತು ಎಂದು ಹೇಳಿದರೆ ಅದು ಪೂರ್ತಿ ನ್ಯಾಯವಾಗದು. ‘ಸಾರ್ಜೆಂಟ್ ಪೆಪ್ಪರ್’ನ 40 ಮಂದಿಯ ಹೆಸರೂ ಕವರ್ ಮೇಲಿಲ್ಲ. ನಮ್ಮಲ್ಲಿಯೂ ಸಿನಿಮಾ ಹಾಡಿನ ತಟ್ಟೆಗಳ ಮೇಲೆ ಗಾಯಕರ, ಸಂಗೀತ ನಿರ್ದೇಶಕರ ಹೆಸರಿರುತ್ತಿತ್ತೇ ಹೊರತು ಆ ಹಾಡಿಗೆ ಕಳೆ ಕೊಟ್ಟ ಕೊಳಲಿನವರ, ಸಿತಾರಿನವರ ಹೆಸರು ಇರುತ್ತಿದ್ದುದು ಅಪರೂಪ. ವ್ಯತ್ಯಾಸ ಇರುವುದು ಬೇರೆ ಕಡೆ. ಅದನ್ನು ಕಾಣಬೇಕಾದರೆ ಲಂಡನ್ನಿನ ಉತ್ತರ ಭಾಗದ ಒಂದು ಮನೆಗೆ ಹೋಗಬೇಕು.

ಫಿಂಚ್ಲಿ ಎಂಬ ಬಡಾವಣೆಯ ಆ ಮನೆಯ ಯಜಮಾನರು ಅಯನ ದೇವ ಅಂಗಡಿ. ಹೆಸರೇ ಅವರ ಊರುಕೇರಿಯನ್ನು ಹೇಳುತ್ತದೆ. 1903ರಲ್ಲಿ ಇಂದಿನ ಕರ್ನಾಟಕದ ಉತ್ತರ ಭಾಗದ ಜಕನೂರಿನಲ್ಲಿ ಹುಟ್ಟಿದ ಅಂಗಡಿಯವರು 1924ರಲ್ಲಿ ಓದಿಗೆಂದು ಲಂಡನ್ನಿಗೆ ಹೋದರು. ಓದಿಗಿಂತ ಹೆಚ್ಚಾಗಿ ಎಡಪಂಥದ ರಾಜಕೀಯದಲ್ಲಿ ಮುಳುಗಿದರು. ಟ್ರಾಟ್‌ಸ್ಕಿಯ ವಿಚಾರಗಳನ್ನು ಒಪ್ಪಿ, ವಸಾಹತುಶಾಹಿಯ ವಿರುದ್ಧ ಬರೆದರು, ಭಾಷಣ ಮಾಡಿದರು. 1943ರಲ್ಲಿ ಶ್ರೀಮಂತ ಮನೆತನದ ಪೆಟ್ರೀಷಿಯಾ ಫೆಲ್-ಕ್ಲಾರ್ಕ್ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದರು. ಈ ದಂಪತಿ 1946ರಲ್ಲಿ ಸ್ಥಾಪಿಸಿದ ಸಂಸ್ಥೆಯೇ ‘ಏಷ್ಯನ್ ಮ್ಯೂಸಿಕ್ ಸರ್ಕಲ್’.

ಭಾರತದ ಸಂಗೀತವೆಂದರೆ ಹಾವಾಡಿಗರ ಪುಂಗಿ ಎಂದು ತಿಳಿದವರೇ ಬಹಳವಿದ್ದ ಊರಿನಲ್ಲಿ ಈ ಸಂಸ್ಥೆ ಕಛೇರಿಗಳನ್ನು ಏರ್ಪಡಿಸಿತು. ಹೆಸರಾಂತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾದರು. 1950ರ ದಶಕದಲ್ಲಿ ರವಿಶಂಕರ್ ಅವರಂಥ ಕಲಾವಿದರನ್ನು ಇಂಗ್ಲೆಂಡಿನ ಕೇಳುಗರಿಗೆ ಪರಿಚಯಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಲಂಡನ್ನಿನಲ್ಲಿ ಯೋಗ ಕಲಿಸತೊಡಗಿದಾಗಲೂ ಬೆನ್ನಿಗೆ ನಿಂತವರಲ್ಲಿ ಅಂಗಡಿ ದಂಪತಿ ಸೇರಿದ್ದರು. ಒಟ್ಟಿನಲ್ಲಿ, ಭಾರತದಿಂದ ಕಲೆಯನ್ನು ಹೊತ್ತು ಬಂದವರಿಗೆ ಆ ಮನೆ ಒಂದು ಛತ್ರದಂತಿತ್ತು. ಲಂಡನ್ನಿನಲ್ಲಿ ನೆಲೆಸಿ ಸಂಗೀತವನ್ನು ಮರೆಯದಿದ್ದ ಅನೇಕ ಭಾರತೀಯರಿಗೂ ಅದೇ ಕೂಡುವ ತಾಣ.

ಬೀಟಲ್ಸ್ ಈ ಮನೆಯ ಬಾಗಿಲು ತಟ್ಟಿದ್ದು ಒಂದು ತುಂಡಾದ ತಂತಿಯಿಂದ. 1965ರ ಅಕ್ಟೋಬರ್‌ನಲ್ಲಿ ‘ನಾರ್ವೀಜಿಯನ್ ವುಡ್’ ಹಾಡಿನ ಧ್ವನಿಮುದ್ರಣ ನಡೆದಿತ್ತು. ಜಾರ್ಜ್ ಹ್ಯಾರಿಸನ್ ಲಂಡನ್ನಿನ ಅಂಗಡಿಯೊಂದರಲ್ಲಿ ಕೊಂಡ ಸಾಧಾರಣ ಸಿತಾರನ್ನು ತಂದಿದ್ದರು. ನುಡಿಸುವಾಗ ಅದರ ತಂತಿ ತುಂಡಾಯಿತು. ಸಿತಾರಿನ ತಂತಿ ಎಲ್ಲಿ ಸಿಗುತ್ತದೆಂದು ಆ ಸ್ಟುಡಿಯೊದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಷ್ಯನ್ ಮ್ಯೂಸಿಕ್ ಸರ್ಕಲ್‌ಗೆ ಫೋನು ಹೋಯಿತು. ಅಂಗಡಿಯವರು ತಂತಿ ತಂದುಕೊಟ್ಟರು. ಅಲ್ಲಿಂದ ಪರಿಚಯ ಬೆಳೆಯಿತು. ಪೆಟ್ರೀಷಿಯಾ ಅವರು ಹ್ಯಾರಿಸನ್ ಮತ್ತು ಅವರ ಪತ್ನಿಯ ಚಿತ್ರ ಬರೆದರು. 1966ರ ಜೂನ್‌ನಲ್ಲಿ ಹ್ಯಾರಿಸನ್ ತಮ್ಮ ಗುರುವಾಗಲಿದ್ದ ರವಿಶಂಕರ್ ಅವರನ್ನು ಭೇಟಿಯಾದದ್ದೂ ಅಂಗಡಿಯವರ ಮೂಲಕವೇ.

ಅದಕ್ಕೂ ಮೊದಲು, 1966ರ ಏಪ್ರಿಲ್‌ನಲ್ಲಿ, ‘ಲವ್ ಯೂ ಟು’ ಎಂಬ ಹಾಡಿಗೆ ತಬಲಾದವರು ಬೇಕಾದಾಗ ಅಂಗಡಿಯವರು ಅನಿಲ್ ಭಾಗವತ್ ಎಂಬ ತರುಣರಿಗೆ ಫೋನು ಮಾಡಿದರು. ಜಾರ್ಜ್ ಎಂಬುವರ ಜೊತೆ ನುಡಿಸಬೇಕು, ಇವತ್ತು ಸಂಜೆ ಬಿಡುವಿದೆಯೇ ಎಂದಷ್ಟೇ ಕೇಳಿದ್ದರಂತೆ. ಮನೆಯ ಮುಂದೆ ರೋಲ್ಸ್ ರಾಯ್ಸ್ ಕಾರು ಬಂದು ನಿಂತಾಗಲೇ ಭಾಗವತ್ ಅವರಿಗೆ ಇದು ಯಾವ ಜಾರ್ಜ್ ಎಂದು ತಿಳಿದದ್ದು. ಸ್ಟುಡಿಯೊದಲ್ಲಿ ಹ್ಯಾರಿಸನ್ ಹದಿನಾರು ಮಾತ್ರೆಗಳ ತಾಳ ಸೂಚಿಸಿ, ಮಿಕ್ಕದ್ದನ್ನು ಭಾಗವತ್ ಅವರ ಮನೋಧರ್ಮಕ್ಕೆ ಬಿಟ್ಟರು. ಆ ವರ್ಷದ ಆಗಸ್ಟ್‌ನಲ್ಲಿ ‘ರಿವಾಲ್ವರ್’ ಆಲ್ಬಮ್ ಬಂದಾಗ ಕವರಿನ ಹಿಂಬದಿಯಲ್ಲಿ ಅವರ ಹೆಸರು ಅಚ್ಚಾಗಿತ್ತು. ಬೀಟಲ್ಸ್ ಆಲ್ಬಮ್‌ಗಳಲ್ಲಿ ಹಾಗೆ ಹೆಸರು ಪಡೆದ ಹೊರಗಿನ ವಾದಕರು ಬೆರಳೆಣಿಕೆಯಷ್ಟು. ಅಂದರೆ, ಹೆಸರು ಹಾಕಲು ಜಾಗವೂ ಇತ್ತು, ಮನಸ್ಸು ಮಾಡಿದರೆ ಹಾಕಲು ಅಡ್ಡಿಯೂ ಇರಲಿಲ್ಲ ಎಂದಾಯಿತು.

ಮರುವರ್ಷ ಹಾಗಾಗಲಿಲ್ಲ. 1967ರ ಮಾರ್ಚ್ 15ರಂದು ಆಬೀ ರೋಡ್ ಸ್ಟುಡಿಯೊದಲ್ಲಿ ‘ವಿದಿನ್ ಯೂ ವಿದೌಟ್ ಯೂ’ ಹಾಡಿನ ಮುದ್ರಣ ಆರಂಭವಾಯಿತು. ನೆಲಕ್ಕೆ ಜಮಖಾನ ಹಾಸಿ, ದೀಪ ತಗ್ಗಿಸಿ, ಊದುಬತ್ತಿ ಹಚ್ಚಿದ್ದರು. ಬೀಟಲ್ಸ್ ಪೈಕಿ ಹ್ಯಾರಿಸನ್ ಬಿಟ್ಟರೆ ಉಳಿದವರು ಅದರಲ್ಲಿ ನುಡಿಸಲಿಲ್ಲ. ಏಷ್ಯನ್ ಮ್ಯೂಸಿಕ್ ಸರ್ಕಲ್ ಮೂಲಕ ಬಂದ ವಾದಕರು ನೆಲದ ಮೇಲೆ ಕುಳಿತರು. ರವಿಶಂಕರ್ ಅವರು ಆಕಾಶವಾಣಿಗಾಗಿ ಮಾಡಿದ್ದ ದೀರ್ಘ ರಚನೆಯೊಂದು ಹ್ಯಾರಿಸನ್‌ಗೆ ಪ್ರೇರಣೆಯಾಗಿತ್ತು. ಹಾಡಿನ ಸ್ವರಗಳು ಖಮಾಜ್ ಥಾಟಿನವು, ನಮ್ಮ ಲೆಕ್ಕದಲ್ಲಿ ಹರಿಕಾಂಭೋಜಿಯವು. ಹಾಡಿನ ಭಾಗಕ್ಕೆ ಹದಿನಾರು ಮಾತ್ರೆಗಳ ತೀನ್‌ತಾಲ್, ನಡುವಿನ ವಾದ್ಯಭಾಗಕ್ಕೆ ಹತ್ತು ಮಾತ್ರೆಗಳ ಝಪ್‌ತಾಲ್. ಸ್ವರಪತ್ರ ಎದುರಿಗಿರಲಿಲ್ಲ. ಹ್ಯಾರಿಸನ್ ಒಂದೊಂದು ಸಾಲನ್ನೂ ಬಾಯಲ್ಲಿ ಹಾಡಿ ತೋರಿಸಿದರು. ವಾದಕರು ಕೇಳಿ ಎತ್ತಿಕೊಂಡರು.

ಆ ಹಾಡಿನ ಜೀವ ಇರುವುದು ದಿಲ್‌ರುಬಾದಲ್ಲಿ. ಸಿತಾರಿನಂತೆ ಮೆಟ್ಟಿಲುಗಳಿದ್ದು, ಪಿಟೀಲಿನಂತೆ ಕಮಾನಿನಿಂದ ನುಡಿಸುವ, ಕೆಳಗೆ ಅನುರಣನದ ತಂತಿಗಳಿರುವ ಉತ್ತರ ಭಾರತದ ವಾದ್ಯವದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಮನುಷ್ಯನ ಕಂಠವನ್ನೇ ಹೋಲುತ್ತದೆ. ಹಾಡುವ ದನಿಯ ಬೆನ್ನಿಗೇ ದಿಲ್‌ರುಬಾ ಸಾಗುತ್ತದೆ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕರನ್ನು ಹಿಂಬಾಲಿಸಿದ ಹಾಗೆ. ಆಮೇಲೆ ಏಪ್ರಿಲ್ 3ರಂದು ಅದೇ ಹಾಡಿಗೆ ಎಂಟು ಪಿಟೀಲು, ಮೂರು ಚೆಲ್ಲೊಗಳನ್ನು ಸೇರಿಸಲಾಯಿತು. ದಿಲ್‌ರುಬಾ ಹೇಗೆ ಜಾರುತ್ತದೆಂಬುದನ್ನು ಜಾರ್ಜ್ ಮಾರ್ಟಿನ್ ಕೇಳಿ, ಪಾಶ್ಚಾತ್ಯ ಸ್ವರಲಿಪಿಯಲ್ಲಿ ಗುರುತು ಹಾಕಿಕೊಟ್ಟಿದ್ದರು. ಸ್ವರದಿಂದ ಸ್ವರಕ್ಕೆ ನೇರವಾಗಿ ಹೆಜ್ಜೆಯಿಡುವ ಅಭ್ಯಾಸವಿದ್ದ ಲಂಡನ್ನಿನ ನುರಿತ ಪಿಟೀಲು ವಾದಕರು ಅಂದು ನೆಲದ ಮೇಲೆ ಕುಳಿತು ನುಡಿಸಿದ್ದವರ ಜಾರುಗಮಕವನ್ನು ಕಷ್ಟಪಟ್ಟು ಅನುಕರಿಸಬೇಕಾಯಿತು. ಒಂದು ಅರ್ಥದಲ್ಲಿ, ಹೆಸರಿಲ್ಲದ ಆ ಭಾರತೀಯರೇ ಆ ದಿನದ ಮೇಷ್ಟ್ರುಗಳು.

ವ್ಯತ್ಯಾಸ ತಲೆದೋರುವುದು ಇಲ್ಲಿಯೇ. ಪಿಟೀಲಿನವರು ಬಂದದ್ದು ಸಂಘದ ದರದ ಮೇಲೆ. ಕಂಪೆನಿಯ ಕಡತದಲ್ಲಿ ಅವರ ಹೆಸರು ದಾಖಲಾಯಿತು. ಹಾಗಾಗಿ ಮಾರ್ಕ್ ಲೂಯಿಸನ್ ಅವರು ಕಂಪೆನಿಯ ದಾಖಲೆಗಳನ್ನು ಶೋಧಿಸಿ 1988ರಲ್ಲಿ ಬೀಟಲ್ಸ್ ಧ್ವನಿಮುದ್ರಣಗಳ ದಿನಚರಿಯನ್ನೇ ಪ್ರಕಟಿಸಿದಾಗ, ವಿಯೆನ್ನಾದಲ್ಲಿ ಹುಟ್ಟಿದ ಎರಿಕ್ ಗ್ರೂನ್‌ಬರ್ಗ್ ಮತ್ತು ಅವರ ಜೊತೆಗಾರರ ಹೆಸರುಗಳು ಸಿಕ್ಕವು. ಭಾರತೀಯರು ಬಂದದ್ದು ಪರಿಚಯದ ಮೇಲೆ, ಅಂಗಡಿಯವರ ಸಂಸ್ಥೆಯ ಮೂಲಕ. ಅವರ ಪಾಲಿಗೆ ಉಳಿದದ್ದು ಸಂಸ್ಥೆಯ ಹೆಸರು ಮಾತ್ರ. ಕವರಿನ ಮೇಲೆ ಇಬ್ಬರ ಹೆಸರೂ ಇರಲಿಲ್ಲ ನಿಜ. ಆದರೆ ಒಬ್ಬರನ್ನು ಕಡತ ಉಳಿಸಿತು, ಇನ್ನೊಬ್ಬರನ್ನು ಉಳಿಸುವ ಕಡತವೇ ಇರಲಿಲ್ಲ. ಚರಿತ್ರೆ ಎನ್ನುವುದು ಎಷ್ಟೋ ಸಲ ಇಂಥ ರಸೀತಿಗಳ ಮೇಲೆಯೇ ನಿಂತಿರುತ್ತದೆ.

‘ಸಾರ್ಜೆಂಟ್ ಪೆಪ್ಪರ್’ನ ಕವರ್ ಲೋಕಪ್ರಸಿದ್ಧ. ನಾಲ್ವರು ಬಣ್ಣಬಣ್ಣದ ಸಮವಸ್ತ್ರ ತೊಟ್ಟು ನಿಂತಿದ್ದಾರೆ. ಹಿಂದೆ ಜಾತ್ರೆಯಂತೆ ಹತ್ತಾರು ಪ್ರಸಿದ್ಧರ ಮುಖಗಳು. ಹ್ಯಾರಿಸನ್ ಆರಿಸಿದ ನಾಲ್ವರು ಭಾರತೀಯ ಯೋಗಿಗಳು ಅಲ್ಲಿದ್ದಾರೆ: ಬಾಬಾಜಿ, ಲಾಹಿರಿ ಮಹಾಶಯ, ಶ್ರೀ ಯುಕ್ತೇಶ್ವರ ಗಿರಿ, ಪರಮಹಂಸ ಯೋಗಾನಂದ. ಗಾಂಧೀಜಿಯವರ ಚಿತ್ರವನ್ನೂ ಇಟ್ಟು ಫೋಟೊ ತೆಗೆದಿದ್ದರು. ಭಾರತದಲ್ಲಿ ಜನರ ಮನಸ್ಸು ನೊಂದೀತು ಎಂದು ಇಎಂಐ ಕಂಪೆನಿಯ ಮುಖ್ಯಸ್ಥ ಸರ್ ಜೋಸೆಫ್ ಲಾಕ್‌ವುಡ್ ಹೇಳಿದ್ದರಿಂದ ಅದನ್ನು ಅಳಿಸಲಾಯಿತು. ಕವರಿನ ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯವನ್ನು ಪೂರ್ತಿಯಾಗಿ ಅಚ್ಚುಹಾಕಿದರು. ಪಾಪ್ ಸಂಗೀತದಲ್ಲಿ ಅದೊಂದು ಹೊಸ ಪರಿಪಾಠ. ದೃಶ್ಯವನ್ನು ಜೋಡಿಸಿದ ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್, ಛಾಯಾಚಿತ್ರ ತೆಗೆದ ಮೈಕೇಲ್ ಕೂಪರ್, ಎಲ್ಲರ ಹೆಸರೂ ಉಂಟು. ಮೇಣದ ಗೊಂಬೆಗಳನ್ನು ಕೊಟ್ಟ ಮೇಡಂ ಟುಸಾಡ್ ಸಂಗ್ರಹಾಲಯದ ಹೆಸರೂ ಉಂಟು. ಭಾರತದ ಯೋಗಿಗಳ ಮುಖಕ್ಕೆ ಜಾಗ ಸಿಕ್ಕಿತು, ಭಾರತದ ಜನರ ಭಾವನೆಯ ಬಗ್ಗೆ ಕಾಳಜಿಯೂ ಕಂಡಿತು, ಗೊಂಬೆಯವರಿಗೂ ಮನ್ನಣೆ ದೊರೆಯಿತು. ದಿಲ್‌ರುಬಾದವರಿಗೆ ಮಾತ್ರ ಒಂದು ಸಾಲು ಸಿಗಲಿಲ್ಲ.

ಹ್ಯಾರಿಸನ್‌ಗೆ ಈ ವಾದಕರ ಬಗ್ಗೆ ಗೌರವವಿರಲಿಲ್ಲ ಎನ್ನುವಂತಿಲ್ಲ. 1968ರ ಜನವರಿಯಲ್ಲಿ ಅವರು ಮುಂಬಯಿಗೆ ಬಂದು ಎಚ್‌ಎಂವಿ ಸ್ಟುಡಿಯೊದಲ್ಲಿ ‘ವಂಡರ್‌ವಾಲ್’ ಚಿತ್ರಕ್ಕೆ ಸಂಗೀತ ಮುದ್ರಿಸಿಕೊಂಡರು. ಸರೋದಿನ ಆಶಿಷ್ ಖಾನ್, ಸಂತೂರಿನ ಶಿವಕುಮಾರ್ ಶರ್ಮಾ, ತಬಲಾದ ಮಹಾಪುರುಷ ಮಿಶ್ರಾ ಮೊದಲಾದವರು ಅದರಲ್ಲಿ ನುಡಿಸಿದರು. ಆ ವರ್ಷದ ಕೊನೆಗೆ ಬಂದ ಆ ಆಲ್ಬಮ್‌ನ ಕವರಿನಲ್ಲಿ ವಾದಕರ ಹೆಸರುಗಳು ಪಟ್ಟಿಯಾಗಿ ಬಂದವು. ಅದು ಹ್ಯಾರಿಸನ್ ಒಬ್ಬರದೇ ಆಲ್ಬಮ್; ತಂಡದ ಹೆಸರಿನ ಹೊರೆ ಅದರ ಮೇಲಿರಲಿಲ್ಲ.

ತಂಡದ ಹೆಸರು ದೊಡ್ಡದಾದಷ್ಟೂ ಅತಿಥಿಯ ಹೆಸರು ಚಿಕ್ಕದಾಗುತ್ತದೆ ಎಂಬುದಕ್ಕೆ ಪ್ರಸಿದ್ಧರೂ ಹೊರತಲ್ಲ. 1968ರ ಸೆಪ್ಟೆಂಬರ್‌ನಲ್ಲಿ ಹ್ಯಾರಿಸನ್ ಅವರ ಒಂದು ಹಾಡಿಗೆ ಗಿಟಾರ್ ನುಡಿಸಿದವರು ಆಗಲೇ ದೊಡ್ಡ ಹೆಸರು ಮಾಡಿದ್ದ ಎರಿಕ್ ಕ್ಲಾಪ್ಟನ್. ಆಲ್ಬಮ್‌ನಲ್ಲಿ ಅವರ ಹೆಸರಿಲ್ಲ. ಆದರೂ ಕೇಳಿದವರಿಗೆ ಬೇಗನೆ ಗೊತ್ತಾಯಿತು. ಪ್ರಸಿದ್ಧನ ಹೆಸರು ಬರೆಯದಿದ್ದರೂ ಉಳಿಯುತ್ತದೆ, ಬರೆಯಬೇಕಾದದ್ದು ಉಳಿದವರದು. ಬೀಟಲ್ಸ್ ಒಮ್ಮೆ ಈ ಪದ್ಧತಿಯನ್ನು ಮುರಿದದ್ದೂ ಉಂಟು. 1969ರ ಏಪ್ರಿಲ್‌ನಲ್ಲಿ ಬಂದ ‘ಗೆಟ್ ಬ್ಯಾಕ್’ ತಟ್ಟೆಯ ಮೇಲೆ, ಕೀಬೋರ್ಡ್ ನುಡಿಸಿದ ಅಮೆರಿಕದ ಕಪ್ಪು ಕಲಾವಿದ ಬಿಲ್ಲಿ ಪ್ರೆಸ್ಟನ್ ಅವರ ಹೆಸರನ್ನು ತಂಡದ ಹೆಸರಿನ ಜೊತೆಗೇ ಅಚ್ಚುಹಾಕಿದರು. ಅತಿಥಿಯ ಹೆಸರು ಬರೆದದ್ದರಿಂದ ಬೀಟಲ್ಸ್ ಕೀರ್ತಿಗೆ ಏನೂ ಕಡಿಮೆಯಾಗಲಿಲ್ಲ.

ಇಲ್ಲಿ ಇನ್ನೊಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಆಬೀ ರೋಡ್ ಸ್ಟುಡಿಯೊದ ಒಡೆತನವಿದ್ದ ಇಎಂಐ ಕಂಪೆನಿ 1931ರಲ್ಲಿ ಹುಟ್ಟಿದ್ದು ಹಳೆಯ ಗ್ರಾಮಫೋನ್ ಕಂಪೆನಿ ಮತ್ತು ಕೊಲಂಬಿಯಾ ಕಂಪೆನಿಗಳು ಒಂದಾದಾಗ. ಅದೇ ಗ್ರಾಮಫೋನ್ ಕಂಪೆನಿಯ ಜನ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ತಟ್ಟೆಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಲೆಂದು ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಆಕೆಯ ಹೆಸರು ಆ ತಟ್ಟೆಗಳಲ್ಲಿ ಆಕೆಯ ದನಿಯಲ್ಲೇ ಉಳಿದಿದೆ. ಅಂದು ಅದು ತಟ್ಟೆಗೆ ಚೀಟಿ ಅಂಟಿಸುವವರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು, ಅಷ್ಟೇ. ಆದರೆ ಆ ಕೂಗಿನಿಂದಾಗಿ ನೂರು ವರ್ಷಗಳ ನಂತರವೂ ಆಕೆಯನ್ನು ಯಾರೂ ಹುಡುಕಬೇಕಾಗಲಿಲ್ಲ. ಹಾಗೆ ಕೂಗುವ ಅವಕಾಶ 1967ರ ವಾದಕರಿಗೆ ಇರಲಿಲ್ಲ.

ಅವರನ್ನು ಹುಡುಕಲು ‘ಸಾರ್ಜೆಂಟ್ ಪೆಪ್ಪರ್’ಗೆ 50 ತುಂಬುವವರೆಗೆ ಕಾಯಬೇಕಾಯಿತು. 2017ರಲ್ಲಿ, ಬೀಟಲ್ಸ್ ಹುಟ್ಟೂರಾದ ಲಿವರ್‌ಪೂಲ್‌ನಲ್ಲಿ ಆ ಹಬ್ಬದ ಸಿದ್ಧತೆ ನಡೆದಾಗ, ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯತ್ನದಿಂದ ನಾಲ್ಕು ಹೆಸರುಗಳು ಬೆಳಕಿಗೆ ಬಂದವು. ಅಂಗಡಿಯವರು ಆ ವೇಳೆಗೆ ಇರಲಿಲ್ಲ, 1993ರಲ್ಲೇ ತೀರಿಕೊಂಡಿದ್ದರು. ಅವರ ಸಂಸ್ಥೆ ಅದಕ್ಕೂ ಎಷ್ಟೋ ಮೊದಲು ಮುಚ್ಚಿಹೋಗಿತ್ತು. ಪೆಟ್ರೀಷಿಯಾ ಇಳಿವಯಸ್ಸಿನಲ್ಲಿ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿ 2001ರಲ್ಲಿ ಕಣ್ಮುಚ್ಚಿದರು. ಹ್ಯಾರಿಸನ್ ಕೂಡ ಅದೇ ವರ್ಷ ತೀರಿಕೊಂಡಿದ್ದರು. ಕೇಳಿ ತಿಳಿಯಬಹುದಾಗಿದ್ದ ಮುಖ್ಯ ಸಾಕ್ಷಿಗಳು ಹೀಗೆ ಒಬ್ಬೊಬ್ಬರಾಗಿ ಹೋದ ಮೇಲೆ ಹೆಸರುಗಳು ಸಿಕ್ಕವು.

ಕವರಿನ ಮೇಲಿನ ಒಂದು ಸಾಲನ್ನು ಕೇವಲ ಉಪಚಾರವೆಂದು ಭಾವಿಸುವವರಿದ್ದಾರೆ. ಕೂಲಿ ಸಂದಿತಲ್ಲ, ಇನ್ನೇನು ಎನ್ನುವವರೂ ಇದ್ದಾರೆ. ಆದರೆ ವಾದಕನಿಗೆ ಹೆಸರೇ ನಾಳಿನ ಕರೆ. ಹೆಸರು ತಿಳಿದರೆ ತಾನೆ ಇನ್ನೊಬ್ಬರು ಕರೆಯುವುದು? ಮುಂದಿನ ತಲೆಮಾರಿಗೆ ಅದೇ ಚರಿತ್ರೆ. ಆ ಒಂದು ಸಾಲು ಇಲ್ಲದ ಕಾರಣ, ಪಾಶ್ಚಾತ್ಯ ಜಗತ್ತಿಗೆ ಭಾರತೀಯ ಸಂಗೀತದ ರುಚಿ ತೋರಿಸಿದ ಐದು ನಿಮಿಷಗಳ ಕೀರ್ತಿಯೆಲ್ಲ ಒಬ್ಬ ಹ್ಯಾರಿಸನ್‌ಗೇ ಸಂದಿತು.

ನಮ್ಮ ಕಛೇರಿಗಳ ಆಹ್ವಾನ ಪತ್ರಿಕೆಯ ರೀತಿಯಲ್ಲಿ ಬರೆಯುವುದಾದರೆ ಆ ಹಾಡಿನ ವಿವರ ಹೀಗಿರಬೇಕಾಗಿತ್ತು: ಗಾಯನ, ಜಾರ್ಜ್ ಹ್ಯಾರಿಸನ್. ದಿಲ್‌ರುಬಾ, ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್. ತಂಬೂರಿ, ಬುದ್ಧದೇವ್ ಕಂಸಾರಾ. ತಬಲಾ, ನಟವರ್ ಸೋನಿ.